ಕೂಸಿನ ಟಿಪಿಎನ್ ಲೈನಿಗೆ ಹಾಕುವ ಫಿಲ್ಟರ್: ಬ್ಯಾಕ್ಟೀರಿಯಾದ ವಿಷ ಎಲ್ಲಿ ನಿಲ್ಲುತ್ತದೆ, ಎಲ್ಲಿ ದಾಟುತ್ತದೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎನ್‌ಐಸಿಯು ಮತ್ತು ಎಸ್‌ಎನ್‌ಸಿಯುಗಳಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಮತ್ತು ವಿಶೇಷ ಆರೈಕೆ ಘಟಕಗಳಲ್ಲಿ) ಟಿಪಿಎನ್ (ರಕ್ತನಾಳದ ಮೂಲಕ ಕೊಡುವ ಪೂರ್ಣ ಪೋಷಣೆಯ ದ್ರಾವಣ) ಕಲೆಸುವ, ಹಚ್ಚುವ, ಕಾಯುವ ಸಿಸ್ಟರ್‌ಗಳು, ಫಾರ್ಮಸಿಸ್ಟರು ಮತ್ತು ಹೊಸದಾಗಿ ಡ್ಯೂಟಿಗೆ ಬಂದ ಡಾಕ್ಟರುಗಳಿಗಾಗಿ ಇದನ್ನು ಬರೆದಿದ್ದೇವೆ. ತಾಯಂದಿರು ಕೇಳುವ ಒಂದು ಪ್ರಶ್ನೆಯೂ ಇದೆ. ನಿಮ್ಮ ಘಟಕದ ಪ್ರೋಟೋಕಾಲ್ ಮತ್ತು ಫಿಲ್ಟರಿನ ಪ್ಯಾಕೆಟ್ ಮೇಲಿನ ಸೂಚನೆ ಇಲ್ಲಿಯದಕ್ಕಿಂತ ಬೇರೆ ಇದ್ದರೆ ಅವನ್ನೇ ಪಾಲಿಸಿ.

“ಸಿಸ್ಟರ್, ಕೂಸಿನ ಸಲೈನ್ ನಳಿಗಿ ನಡುವ ಆ ಬಿಳಿ ಬಿಲ್ಲಿ ಯಾಕ ಹಚ್ಚೀರಿ?”

ತಾಯಂದಿರಿಗೆ ಹೀಗೆ ಹೇಳಿದರೆ ಸಾಕು: ಅದು ಸೋಸುವ ಬಿಲ್ಲೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಹಾಲು ಪೂರ್ತಿ ಅರಗುವ ತನಕ ಸಕ್ಕರೆ, ಪ್ರೋಟೀನ್, ಕೊಬ್ಬು, ಲವಣಗಳನ್ನು ನೇರವಾಗಿ ರಕ್ತನಾಳಕ್ಕೆ ಹರಿಸುತ್ತೇವೆ. ಅದರಲ್ಲಿ ಕಣ, ಗಾಳಿಗುಳ್ಳೆ, ರೋಗಾಣು ಇದ್ದರೆ ಕೂಸಿಗೆ ಮುಟ್ಟುವ ಮೊದಲು ಬಿಲ್ಲೆ ಹಿಡಿಯುತ್ತದೆ. ಬಿಲ್ಲೆಯನ್ನು ಒತ್ತಬೇಡಿ, ಕೂಸಿನ ಮೈ ಕೆಳಗೆ ಸಿಗಲು ಬಿಡಬೇಡಿ, ಪಂಪ್ ಕೂಗಿದರೆ ನೀವೇ ಗುಂಡಿ ಒತ್ತದೆ ಕರೆಯಿರಿ. ಎದೆಹಾಲು ಹಿಂಡಿ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಹಾಲು ಹೆಚ್ಚಿದಷ್ಟೂ ಈ ನಳಿಗೆ ಬೇಗ ಹೋಗುತ್ತದೆ.

ಬ್ಯಾಕ್ಟೀರಿಯಾದ ವಿಷ ಅನ್ನುತ್ತೀರಿ. ಯಾವ ವಿಷ?

ಇಲ್ಲಿ ಮುಖ್ಯವಾಗಿ ಎಂಡೋಟಾಕ್ಸಿನ್. ಕ್ಲೆಬ್ಸಿಯೆಲ್ಲಾ, ಎಂಟರೋಬ್ಯಾಕ್ಟರ್, ಸೆರಾಶಿಯಾದಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯ ಭಾಗವೇ ಅದು. ರಾಸಾಯನಿಕವಾಗಿ ಲೈಪೋಪಾಲಿಸ್ಯಾಕರೈಡ್. ಬ್ಯಾಕ್ಟೀರಿಯಾ ಬೆಳೆಯುವಾಗ ಸ್ವಲ್ಪ ಉದುರುತ್ತದೆ, ಸತ್ತು ಒಡೆದಾಗ ಬಹಳ ಉದುರುತ್ತದೆ. ರಕ್ತಕ್ಕೆ ಸೇರಿದರೆ ಜ್ವರ, ನಡುಕ, ಬಿಪಿ ಕುಸಿತ. ಅದಕ್ಕೆ ಜೀವಂತ ಬ್ಯಾಕ್ಟೀರಿಯಾ ಇರಲೇಬೇಕೆಂದಿಲ್ಲ, ಹೆಣ ಇದ್ದರೂ ಸಾಕು. ಹಾಗಾಗಿ ಕಲ್ಚರ್‌ನಲ್ಲಿ ಏನೂ ಬೆಳೆಯದ ದ್ರಾವಣದಲ್ಲೂ ವಿಷ ಇರಬಹುದು.

ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ ಎಂಡೋಟಾಕ್ಸಿನ್ ಇಲ್ಲ. ಬ್ಯಾಸಿಲಸ್ ಸೀರಿಯಸ್‌ನಂಥವು ಬೇರೆ ಜಾತಿಯ ವಿಷ ಬಿಡುತ್ತವೆ. 2014ರಲ್ಲಿ ಇಂಗ್ಲೆಂಡಿನಲ್ಲಿ ಟಿಪಿಎನ್ ಮೂಲಕ ನವಜಾತ ಶಿಶುಗಳಿಗೆ ಸೋಂಕು ತಗುಲಿಸಿದ್ದು ಇದೇ. ಆ ವಿಷಗಳನ್ನು ಹಿಡಿಯುತ್ತೇನೆಂದು ಎಂಡೋಟಾಕ್ಸಿನ್ ಫಿಲ್ಟರ್ ಎಲ್ಲೂ ಹೇಳಿಕೊಳ್ಳುವುದಿಲ್ಲ.

0.2 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ದಾಟುವುದಿಲ್ಲ ಅಂದಮೇಲೆ ಅದರ ವಿಷ ಹೇಗೆ ದಾಟುತ್ತದೆ?

ಜೋಳದ ಹಿಟ್ಟಿನ ಜರಡಿ ನೆನಪಿಸಿಕೊಳ್ಳಿ. ನುಚ್ಚು ಮೇಲೆ ನಿಲ್ಲುತ್ತದೆ, ಹಿಟ್ಟು ಇಳಿಯುತ್ತದೆ. ಇಲ್ಲಿ ಬ್ಯಾಕ್ಟೀರಿಯಾ ನುಚ್ಚು, ಎಂಡೋಟಾಕ್ಸಿನ್ ಹಿಟ್ಟು. ಅದರ ಒಂದು ಅಣುವಿನ ತೂಕ 10ರಿಂದ 20 ಕಿಲೋಡಾಲ್ಟನ್ ಅಷ್ಟೇ. ಗುಂಪುಗೂಡಿ ಉಂಡೆಯಾದರೂ ಸಾಮಾನ್ಯವಾಗಿ 0.1 ಮೈಕ್ರಾನ್ ಮೀರುವುದಿಲ್ಲ. 0.2ರ ತೂತು ಅದಕ್ಕೆ ಅಗಸೆ ಬಾಗಿಲು.

ಕೆಲಸಕ್ಕೆ ತೊಡಕಾಗುವುದು ಇದರ ಮುಂದಿನ ಭಾಗ. ಸಾದಾ 0.2 ಫಿಲ್ಟರ್ ಹಿಡಿದಿಟ್ಟ ಬ್ಯಾಕ್ಟೀರಿಯಾ ಪೊರೆಯ ಮೇಲ್ಬದಿಯಲ್ಲೇ ಕೂತಿರುತ್ತದೆ. ಮೇಲಿಂದ ಸಕ್ಕರೆ, ಅಮೈನೋ ಆಮ್ಲ ಹರಿದು ಬರುತ್ತಲೇ ಇರುತ್ತದೆ. ಅದು ಅಲ್ಲೇ ಬೆಳೆಯುತ್ತದೆ, ಸಾಯುತ್ತದೆ, ಒಡೆಯುತ್ತದೆ. ಉದುರಿದ ವಿಷ ಕೆಳಗಿಳಿದು ಕೂಸಿಗೆ ಹೋಗುತ್ತದೆ. ಬಹಳ ಹೊತ್ತು ಬಿಟ್ಟ ಸಾದಾ ಫಿಲ್ಟರ್ ತಾನೇ ವಿಷದ ಮೂಲ ಆಗಬಲ್ಲದು. ಸಾದಾ ಫಿಲ್ಟರನ್ನು 24 ಗಂಟೆಗೆ ಬದಲಿಸಿ ಅನ್ನುವುದು ಈ ಕಾರಣಕ್ಕೆ.

ಹಾಗಾದರೆ ವಿಷವನ್ನು ಹಿಡಿಯುವುದು ಯಾವುದು?

ತೂತಲ್ಲ, ವಿದ್ಯುದಾವೇಶ. ಎಂಡೋಟಾಕ್ಸಿನ್‌ನಲ್ಲಿ ಫಾಸ್ಫೇಟ್ ಗುಂಪುಗಳಿರುವುದರಿಂದ ಅದಕ್ಕೆ ಋಣ ಆವೇಶ. ಧನ ಆವೇಶ ಕೊಟ್ಟ ನೈಲಾನ್ ಪೊರೆಯಲ್ಲಿ ಅದನ್ನು ಹಾಯಿಸಿದರೆ ನಡುವೆ ಅಂಟಿಕೊಳ್ಳುತ್ತದೆ. ಪೊರೆ ಅದೇ 0.2 ಮೈಕ್ರಾನ್, ಹಾಗಾಗಿ ಬ್ಯಾಕ್ಟೀರಿಯಾ ತೂತಿನಲ್ಲಿ ನಿಲ್ಲುತ್ತದೆ, ವಿಷ ಆವೇಶದಿಂದ ನಿಲ್ಲುತ್ತದೆ. 96 ಗಂಟೆ ಬಳಸಲು ಅನುಮತಿ ಇರುವುದು ಇಂಥ ಫಿಲ್ಟರಿಗೆ ಮಾತ್ರ.

ಆವೇಶಕ್ಕೂ ಮಿತಿ ಇದೆ. ಅಂಟುವ ಜಾಗ ತುಂಬಿದ ಮೇಲೆ ಬಂದ ವಿಷ ದಾಟುತ್ತದೆ. ಒಂದೆರಡು ಬ್ಯಾಕ್ಟೀರಿಯಾ ನುಸುಳಿದಾಗ ಈ ಫಿಲ್ಟರ್ ಕಾಯುತ್ತದೆ. ಕೊಳೆತ ದ್ರಾವಣವನ್ನು ಶುದ್ಧ ಮಾಡಿಕೊಡುವ ಯಂತ್ರ ಅಂತ ತಿಳಿದರೆ ಕೆಟ್ಟಿರಿ.

ಪ್ಯಾಕೆಟ್ ನೋಡಿ ಹೇಗೆ ಗುರುತಿಸುವುದು? ಎಲ್ಲವೂ ಒಂದೇ ಥರ ಕಾಣುತ್ತವೆ.

ಮೂರು ಸಂಗತಿ ಓದಿ. ಒಂದು, ತೂತಿನ ಅಳತೆ: 0.2 ಅಥವಾ 0.22 ಇದ್ದರೆ ನೀರಿನಂಥ ದ್ರಾವಣಕ್ಕೆ, 1.2 ಇದ್ದರೆ ಕೊಬ್ಬಿನ ದ್ರಾವಣಕ್ಕೆ, ಅಂದರೆ ಲಿಪಿಡ್‌ಗೆ. ಎರಡು, “ಎಂಡೋಟಾಕ್ಸಿನ್ ರಿಟೆನ್ಶನ್” ಅಥವಾ “ಪಾಸಿಟಿವ್ಲಿ ಚಾರ್ಜ್ಡ್” ಅನ್ನುವ ಮಾತು. ಅದು ಇಲ್ಲದಿದ್ದರೆ ಸಾದಾ ಫಿಲ್ಟರ್ ಎಂದೇ ಲೆಕ್ಕ. ಮೂರು, ಗಂಟೆ: 24 ಅಥವಾ 96. ಇದರ ಜೊತೆಗೆ ಪ್ರೈಮಿಂಗ್ ಪ್ರಮಾಣವನ್ನೂ, ಅಂದರೆ ಫಿಲ್ಟರ್ ತುಂಬಲು ಎಷ್ಟು ದ್ರಾವಣ ಬೇಕು ಎಂಬುದನ್ನೂ, ನೋಡಿ. ಶಿಶುಗಳ ಫಿಲ್ಟರಿನಲ್ಲಿ ಅದು 1 ಮಿ.ಲೀ.ಗಿಂತ ಕಡಿಮೆ, ದೊಡ್ಡವರ ಫಿಲ್ಟರಿನಲ್ಲಿ ಜಾಸ್ತಿ.

ಇಂಡೆಂಟ್ ಬರೆಯುವಾಗ “ಐವಿ ಫಿಲ್ಟರ್” ಅಂತ ಮಾತ್ರ ಬರೆದರೆ ಸ್ಟೋರಿನವರು ಇದ್ದದ್ದನ್ನು ಕಳಿಸುತ್ತಾರೆ. ಅವರದು ತಪ್ಪಲ್ಲ. ಮೂರೂ ವಿವರ ಬರೆಯಿರಿ.

ಲಿಪಿಡ್ ಅನ್ನು 0.2ರಲ್ಲಿ ಯಾಕೆ ಹಾಯಿಸಬಾರದು?

ಲಿಪಿಡ್ ಎಮಲ್ಶನ್‌ನ ಕೊಬ್ಬಿನ ಹನಿಗಳು ಸರಾಸರಿ 0.2ರಿಂದ 0.5 ಮೈಕ್ರಾನ್. ತೂತು ಕಟ್ಟುತ್ತದೆ, ಎಮಲ್ಶನ್ ಒಡೆಯುತ್ತದೆ. ಹಾಗಾಗಿ ಲಿಪಿಡ್‌ಗೂ, ಸಕ್ಕರೆ, ಅಮೈನೋ ಆಮ್ಲ, ಕೊಬ್ಬು ಮೂರೂ ಒಂದೇ ಚೀಲದಲ್ಲಿರುವ ಮಿಶ್ರಣಕ್ಕೂ 1.2 ಮೈಕ್ರಾನ್.

ರಕ್ಷಣೆಯಲ್ಲಿ ಇರುವ ದೊಡ್ಡ ಕಿಂಡಿಯೂ ಇದೇ. 1.2 ಫಿಲ್ಟರ್ ದೊಡ್ಡ ಕೊಬ್ಬಿನ ಹನಿ, ಹರಳು, ಗಾಳಿ, ಕ್ಯಾಂಡಿಡಾ ಶಿಲೀಂಧ್ರ ಹಿಡಿಯುತ್ತದೆ. ಬಹುಪಾಲು ಬ್ಯಾಕ್ಟೀರಿಯಾ ಅದರೊಳಗಿಂದ ಹೋಗುತ್ತದೆ, ಎಂಡೋಟಾಕ್ಸಿನ್ ಅಂತೂ ಸರಾಗ. ಅಮೈನೋ-ಡೆಕ್ಸ್ಟ್ರೋಸ್ ಮಿಶ್ರಣ ಹುಳಿ ಮತ್ತು ಗಾಢ, ಅದರಲ್ಲಿ ಬ್ಯಾಕ್ಟೀರಿಯಾ ನಿಧಾನ ಬೆಳೆಯುತ್ತದೆ. ಲಿಪಿಡ್ ಹಾಗಲ್ಲ, ಅದರಲ್ಲಿ ಹುಲುಸಾಗಿ ಬೆಳೆಯುತ್ತದೆ. ಫಿಲ್ಟರ್ ದುರ್ಬಲ ಇರುವ ಕಡೆಯೇ ಬೆಳೆ ಜೋರು. ಇಲ್ಲಿ ಕೈಯಲ್ಲಿರುವ ಆಯುಧ ಗಡಿಯಾರ ಒಂದೇ: ಸಿರಿಂಜಿಗೆ ಎಳೆದ ಲಿಪಿಡ್ 12 ಗಂಟೆಗೆ ಮುಗಿಯಬೇಕು ಅಥವಾ ಬದಲಾಗಬೇಕು. ಅದರ ಲೈನ್, ಫಿಲ್ಟರ್ 24 ಗಂಟೆ ಮೀರಬಾರದು.

ಎರಡು ಫಿಲ್ಟರನ್ನು ಒಂದೇ ಪಿಕ್ ಲೈನಿಗೆ (ಕೈ ಅಥವಾ ಕಾಲಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹಾಕುವ ಸಣ್ಣ ನಳಿಗೆ) ಯಾವ ಕ್ರಮದಲ್ಲಿ ಜೋಡಿಸುವುದು?

ಅಮೈನೋ-ಡೆಕ್ಸ್ಟ್ರೋಸ್ ಸಿರಿಂಜ್, ಎಕ್ಸ್‌ಟೆನ್ಶನ್ ಲೈನ್, 0.2 ಫಿಲ್ಟರ್, ಆಮೇಲೆ ವೈ ಕನೆಕ್ಟರ್. ಲಿಪಿಡ್ ತನ್ನ ಸಿರಿಂಜ್, ಲೈನ್, 1.2 ಫಿಲ್ಟರ್ ದಾಟಿ ಅದೇ ವೈ ಕನೆಕ್ಟರಿನ ಇನ್ನೊಂದು ಕಾಲಿಗೆ ಸೇರಬೇಕು. ಕೊಬ್ಬು 0.2ರ ಮೇಲ್ಬದಿಗೆ ಯಾವ ಕಾರಣಕ್ಕೂ ಬರಬಾರದು. ಫಿಲ್ಟರ್‌ಗಳು ಕೂಸಿಗೆ ಸಾಧ್ಯವಾದಷ್ಟು ಹತ್ತಿರ ಇರಲಿ. ಫಿಲ್ಟರಿನ ಕೆಳಗೆ ತ್ರೀ-ವೇ (ಮೂರು ಬಾಯಿಯ ತಿರುಗಿಸುವ ಕನೆಕ್ಟರ್) ಸಾಲುಸಾಲಾಗಿ ಹಾಕಿದರೆ ಪ್ರತಿಯೊಂದು ಬಾಯಿಯೂ ಕಾವಲಿಲ್ಲದ ಬಾಗಿಲು.

ಪ್ರೈಮಿಂಗ್ ಹೀಗೆ ಮಾಡಿ. ಕೈ ತೊಳೆದು, ಸ್ಟೆರೈಲ್ ಗ್ಲೌಸ್ ಹಾಕಿ, ಸ್ಟೆರೈಲ್ ಶೀಟಿನ ಮೇಲೆ ಎಲ್ಲ ಭಾಗ ಜೋಡಿಸಿಕೊಳ್ಳಿ. ಸಿರಿಂಜಿನಿಂದ ಮೊದಲು ಲೈನ್ ತುಂಬಿಸಿ ಗಾಳಿ ಕಳೆಯಿರಿ. ಫಿಲ್ಟರನ್ನು ಹೊರಬಾಯಿ ಮೇಲೆ ಬರುವಂತೆ ನೆಟ್ಟಗೆ ಹಿಡಿದು ನಿಧಾನ ತಳ್ಳಿ. ಒಣ ಪೊರೆ ಒದ್ದೆಯಾಗುತ್ತ ಬಿಳಿ ಬಣ್ಣ ಮಸುಕಾಗುವುದು ಕಾಣುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿ ಅಂಚಿನ ಗುಳ್ಳೆ ಬಿಡಿಸಿ. ಕೊನೆಯವರೆಗೆ ತುಂಬಿದ ಮೇಲೆ ಕ್ಲಾಂಪ್ ಹಾಕಿ. ಅವಸರದಿಂದ ತಳ್ಳಿದರೆ ಪೊರೆಯ ಹಿಂದೆ ಗಾಳಿ ಉಳಿದು ಅರ್ಧ ತಾಸಿನಲ್ಲಿ ಅಲಾರ್ಮ್ ಬರುತ್ತದೆ. ನಾವು ನೋಡಿದ ಅಲಾರ್ಮ್‌ಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಫಿಲ್ಟರಿನ ಬದಿಯಲ್ಲಿ ಗಾಳಿ ಹೊರಹೋಗುವ ಸಣ್ಣ ಕಿಂಡಿ ಇರುತ್ತದೆ. ಅದರ ಮೇಲೆ ಸ್ಪಿರಿಟ್ ಒರೆಸಬೇಡಿ, ಪ್ಲಾಸ್ಟರ್ ಅಂಟಿಸಬೇಡಿ. ಸ್ಪಿರಿಟ್ ತಾಗಿದರೆ ನೀರು ತಳ್ಳುವ ಆ ಪೊರೆ ಒದ್ದೆಯಾಗಿ ಅಲ್ಲಿಂದಲೇ ಸೋರಲು ಶುರುವಾಗುತ್ತದೆ. ಒರೆಸಬೇಕಾದದ್ದು ಹಬ್ ಮತ್ತು ಕನೆಕ್ಟರ್.

96 ಗಂಟೆಯನ್ನು ಯಾವಾಗಿನಿಂದ ಎಣಿಸುವುದು?

ದ್ರಾವಣ ಪೊರೆಗೆ ತಾಗಿದ ಗಳಿಗೆಯಿಂದ. ಸೋಮವಾರ ಸಂಜೆ 4ಕ್ಕೆ ಹಾಕಿದ್ದು ಶುಕ್ರವಾರ ಸಂಜೆ 4ಕ್ಕೆ ಹೋಗಬೇಕು. ಲೇಬಲ್ ಮೇಲೆ “ಹಾಕಿದ ದಿನ” ಬರೆಯುವ ಬದಲು “ತೆಗೆಯುವ ದಿನ, ವೇಳೆ” ಬರೆಯಿರಿ. ರಾತ್ರಿ ಡ್ಯೂಟಿಯವರಿಗೆ ಲೆಕ್ಕ ಹಾಕುವ ಕೆಲಸ ತಪ್ಪುತ್ತದೆ. ದಿನಕ್ಕೊಮ್ಮೆ ಸಿರಿಂಜ್ ಬದಲಿಸುವುದು ಫಿಲ್ಟರಿನ ಮೇಲ್ಬದಿಯಲ್ಲಿ ನಡೆಯಲಿ, ಕೆಳಗಿನ ಜೋಡಣೆ ಬಿಚ್ಚಬೇಡಿ. ಖರ್ಚಿನ ಮಾತು ಬಂದಾಗ ಇದನ್ನು ತೋರಿಸಿ: 12 ದಿನದ ಟಿಪಿಎನ್‌ಗೆ ಸಾದಾ ಫಿಲ್ಟರ್ 12 ಬೇಕು, ಆವೇಶದ್ದು 3. ಲೈನ್ ಬಿಚ್ಚುವ ಸರದಿಯೂ ಅಷ್ಟೇ ಕಡಿಮೆ.

ಎಷ್ಟು ವಿಷ ಇದ್ದರೆ ಅಪಾಯ?

ಔಷಧ ಶಾಸ್ತ್ರ ಒಪ್ಪಿರುವ ಮಿತಿ ಕಿಲೋ ತೂಕಕ್ಕೆ ಗಂಟೆಗೆ 5 ಎಂಡೋಟಾಕ್ಸಿನ್ ಯೂನಿಟ್. ಒಂದು ಯೂನಿಟ್ ಅಂದರೆ ಸುಮಾರು 0.1 ನ್ಯಾನೋಗ್ರಾಂ. 1 ಕಿಲೋ ಕೂಸಿಗೆ ದಿನಕ್ಕೆ 100 ಮಿ.ಲೀ. ಅಂದರೆ ಗಂಟೆಗೆ 4.2 ಮಿ.ಲೀ. ಹೋಗುತ್ತದೆ. ದ್ರಾವಣದಲ್ಲಿ ಮಿ.ಲೀ.ಗೆ 0.5 ಯೂನಿಟ್ ಇದ್ದರೆ ಗಂಟೆಗೆ 2.1 ಯೂನಿಟ್ ಆಯಿತು, ಮಿತಿಯೊಳಗೆ. ಮಿ.ಲೀ.ಗೆ 1.2 ಆದರೆ ಮಿತಿ ಮುಟ್ಟಿತು. ಇದು ಟಿಪಿಎನ್ ಒಂದರ ಲೆಕ್ಕ. ಅದೇ ಕೂಸಿಗೆ ಆಂಟಿಬಯೋಟಿಕ್, ಫ್ಲಶ್, ಹೆಪಾರಿನ್ ಸಲೈನ್ ಬೇರೆ ಹೋಗುತ್ತಿರುತ್ತವೆ, ಮಿತಿ ಎಲ್ಲಕ್ಕೂ ಸೇರಿ.

ಅಳೆಯುವ ಪರೀಕ್ಷೆಗೆ ಎಲ್‌ಎಎಲ್ ಅನ್ನುತ್ತಾರೆ. ಅಮೆರಿಕದ ಕರಾವಳಿಯ ಕುದುರೆಲಾಳದ ಏಡಿಯ ನೀಲಿ ರಕ್ತದಿಂದ ಮಾಡಿದ ದ್ರವ್ಯ ಅದು, ಎಂಡೋಟಾಕ್ಸಿನ್ ತಾಗಿದರೆ ಹೆಪ್ಪುಗಟ್ಟುತ್ತದೆ. ಸಲೈನ್ ತಯಾರಿಸುವ ಕಾರ್ಖಾನೆಗಳಲ್ಲಿ ಇದು ದಿನನಿತ್ಯದ ಪರೀಕ್ಷೆ. ವಾರ್ಡಿನಲ್ಲಿ ನಿಂತು ಮಾಡುವಂಥದ್ದಲ್ಲ.

ಕುದಿಸಿದರೆ, ಆಟೋಕ್ಲೇವ್ ಮಾಡಿದರೆ ವಿಷ ಹೋಗುವುದಿಲ್ಲವೆ?

ಹೋಗುವುದಿಲ್ಲ. ಆಟೋಕ್ಲೇವಿನ 121 ಡಿಗ್ರಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಗಾಜಿನ ಸಾಮಾನಿನ ಮೇಲಿನ ಎಂಡೋಟಾಕ್ಸಿನ್ ನಾಶಕ್ಕೆ 250 ಡಿಗ್ರಿ ಒಣ ಶಾಖ, 30 ನಿಮಿಷ ಬೇಕು. ಅದಕ್ಕೇ ನಲ್ಲಿ ನೀರಿನಲ್ಲಿ, ಟ್ಯಾಂಕಿನಲ್ಲಿ ನಿಂತ ಆರ್‌ಒ ನೀರಿನಲ್ಲಿ ತೊಳೆದು ಆಟೋಕ್ಲೇವ್ ಮಾಡಿದ ಬಟ್ಟಲನ್ನು ಕಲೆಸಲು ಬಳಸಬಾರದು. ಬಟ್ಟಲು ಸ್ಟೆರೈಲ್ ಆಗಿರುತ್ತದೆ, ವಿಷಮುಕ್ತ ಆಗಿರುವುದಿಲ್ಲ.

ಬಾಟಲಿ ಕಂಪನಿಯಿಂದಲೇ ಸೀಲ್ ಆಗಿ ಬರುತ್ತದೆ. ಅದರಲ್ಲಿ ಮಾಲಿನ್ಯ ಹೇಗೆ?

2010ರ ಆಗಸ್ಟ್‌ನಲ್ಲಿ ಜರ್ಮನಿಯ ಮೈಂಝ್‌ನಲ್ಲಿ 11 ಮಕ್ಕಳಿಗೆ ಬ್ಯಾಕ್ಟೀರಿಯಾ ಸೇರಿದ ಟಿಪಿಎನ್ ಹೋಯಿತು. ತನಿಖೆಯವರು ದ್ರಾವಣದ ಎಂಡೋಟಾಕ್ಸಿನ್ ಪ್ರಮಾಣ ಅಳೆದರು. ಅಷ್ಟು ವಿಷ ಸೇರಲು ಬಹಳ ಹೊತ್ತು ಬೇಕು, ಹಾಗಾಗಿ ಮಾಲಿನ್ಯ ಕಲೆಸುವ ಕೋಣೆಯಲ್ಲಿ ಆದದ್ದಲ್ಲ, ಬಿರುಕು ಬಿಟ್ಟ ಬಾಟಲಿಯೊಂದರಲ್ಲಿ ಅದಕ್ಕೂ ಮೊದಲೇ ಆದದ್ದು ಎಂಬ ತೀರ್ಮಾನಕ್ಕೆ ಬಂದರು.

ನಮ್ಮ ಕಡೆ ಬಾಟಲಿಗಳು ಲಾರಿಯಲ್ಲಿ ನೂರಾರು ಕಿಲೋಮೀಟರ್ ಕುಲುಕಿ ಬರುತ್ತವೆ. ತೆರೆಯುವ ಮೊದಲು ಬೆಳಕಿಗೆ ಹಿಡಿದು ಕುತ್ತಿಗೆ ಮತ್ತು ತಳದ ಸುತ್ತ ಕೂದಲೆಳೆಯ ಬಿರುಕು ಹುಡುಕಿ, ಬುಡ ಒದ್ದೆ ಇದೆಯೇ ಮುಟ್ಟಿ ನೋಡಿ. ದ್ರಾವಣ ತಿಳಿಯಾಗಿ ಕಂಡಿತು ಅಂತ ಬಿಡಬೇಡಿ, ಬ್ಯಾಕ್ಟೀರಿಯಾ ಬಹಳ ಬೆಳೆಯುವ ತನಕ ಕಣ್ಣಿಗೆ ಮಬ್ಬು ಕಾಣುವುದಿಲ್ಲ.

ಅಕ್ಲೂಷನ್ ಅಲಾರ್ಮ್ (ದಾರಿ ಕಟ್ಟಿದೆ ಎಂದು ಪಂಪ್ ಕೂಗುವುದು) ಬಂದರೆ ಫಿಲ್ಟರ್ ತೆಗೆದು ನೇರ ಹಚ್ಚಬಹುದೆ? ರಾತ್ರಿ ಬೇರೆ ಫಿಲ್ಟರ್ ಇರುವುದಿಲ್ಲ.

ಬೇಡವೇ ಬೇಡ. ಮೊದಲು ಸುಲಭದ ಕಾರಣ ನೋಡಿ: ಮುಚ್ಚಿದ ಕ್ಲಾಂಪ್, ತಿರುಗಿದ ತ್ರೀ-ವೇ, ಮಡಚಿದ ಲೈನ್, ಪಿಕ್ ಲೈನೇ ಕಟ್ಟಿರುವುದು, ಫಿಲ್ಟರಿನಲ್ಲಿ ಗಾಳಿ. ಯಾವುದೂ ಅಲ್ಲದಿದ್ದರೆ ಫಿಲ್ಟರ್ ತನ್ನ ಕೆಲಸ ಮಾಡಿದೆ ಎಂದು ಅರ್ಥ. ಅದನ್ನು ಕಟ್ಟಿದ್ದು ಹೆಚ್ಚಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳು, ಇಲ್ಲವೆ ಒಡೆದ ಕೊಬ್ಬು. ಆ ಮಿಶ್ರಣ ನಿಲ್ಲಿಸಿ, 10% ಡೆಕ್ಸ್ಟ್ರೋಸ್ ಹಚ್ಚಿ, ಸಕ್ಕರೆ ನೋಡುತ್ತಿರಿ. ಅಮೆರಿಕದ ಎಫ್‌ಡಿಎ 1994ರಲ್ಲಿ ಟಿಪಿಎನ್‌ಗೆ ಫಿಲ್ಟರ್ ಬೇಕೆಂದು ಎಚ್ಚರಿಕೆ ಹೊರಡಿಸಿದ್ದು ಈ ಹರಳು ಶ್ವಾಸಕೋಶಕ್ಕೆ ಹೋಗಿ ರೋಗಿಗಳು ಸತ್ತಮೇಲೆ. ಸಣ್ಣ ಸಿರಿಂಜಿನಿಂದ ಬಲವಾಗಿ ಫ್ಲಶ್ ಮಾಡಿ ಬಿಡಿಸಲೂ ಹೋಗಬೇಡಿ. 2 ಮಿ.ಲೀ. ಸಿರಿಂಜಿನ ಒತ್ತಡಕ್ಕೆ ಪೊರೆ ಹರಿದರೆ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಕೂಸಿಗೆ.

ಬೇಸಿಗೆಯಲ್ಲಿ ಫಿಲ್ಟರ್ ಹೆಚ್ಚು ಕಟ್ಟುತ್ತದೆ. ಭ್ರಮೆಯೇ?

ಭ್ರಮೆಯಲ್ಲ. ಸಕ್ಕರೆ, ಉಪ್ಪು ಬಿಸಿಗೆ ಹೆಚ್ಚು ಕರಗುತ್ತವೆ, ಕ್ಯಾಲ್ಸಿಯಂ ಫಾಸ್ಫೇಟ್ ಮಾತ್ರ ಬಿಸಿಗೆ ಹೆಚ್ಚು ಹರಳುಗಟ್ಟುತ್ತದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟ್ ಹೋಗಿ ಎಸಿ ನಿಂತರೆ, ಅಥವಾ ಲೈನಿನ ಉದ್ದನೆಯ ಭಾಗ ವಾರ್ಮರಿನ ಕೆಳಗೆ ಸುತ್ತಿಕೊಂಡಿದ್ದರೆ, ಬೆಳಿಗ್ಗೆ ತಿಳಿಯಾಗಿದ್ದ ಮಿಶ್ರಣ ಮಧ್ಯಾಹ್ನಕ್ಕೆ ಹರಳು ಕಟ್ಟಬಹುದು. ಕಲೆಸುವಾಗ ಫಾಸ್ಫೇಟ್ ಮೊದಲು ಹಾಕಿ, ಚೆನ್ನಾಗಿ ಅಲ್ಲಾಡಿಸಿ, ಬೇರೆಲ್ಲ ಸೇರಿಸಿ, ಕ್ಯಾಲ್ಸಿಯಂ ಗ್ಲುಕೋನೇಟ್ ಕೊನೆಗೆ ಹಾಕಿ. ಎರಡನ್ನೂ ಒಂದೇ ಸಿರಿಂಜಿನಲ್ಲಿ ಎಳೆಯಬೇಡಿ. ಸಾವಯವ ಫಾಸ್ಫೇಟ್, ಅಂದರೆ ಸೋಡಿಯಂ ಗ್ಲಿಸರೋಫಾಸ್ಫೇಟ್, ಸಿಕ್ಕರೆ ಈ ತಾಪತ್ರಯ ಬಹಳ ಕಡಿಮೆ.

ಬೇರೆ ಔಷಧಗಳನ್ನು ಅದೇ ಫಿಲ್ಟರಿನ ಮೇಲಿನಿಂದ ಕೊಡಬಹುದೆ?

ಸಾಧ್ಯವಿದ್ದರೆ ಬೇರೆ ಲೈನಿನಲ್ಲಿ ಕೊಡಿ. ರಕ್ತ, ಪ್ಲೇಟ್‌ಲೆಟ್, ಆಂಫೋಟೆರಿಸಿನ್, ಲಿಪಿಡ್‌ನಲ್ಲಿ ಕರಗಿಸಿದ ಯಾವ ಔಷಧವೂ 0.2ರಲ್ಲಿ ಹೋಗಬಾರದು. ಇನ್ಸುಲಿನ್ ಪೊರೆಗೂ ನಳಿಗೆಗೂ ಅಂಟಿಕೊಂಡು ಡೋಸ್ ಕಡಿಮೆಯಾಗುತ್ತದೆ. ಸೆಫ್ಟ್ರಿಯಾಕ್ಸೋನ್ ಅನ್ನು ಕ್ಯಾಲ್ಸಿಯಂ ಹೋಗುತ್ತಿರುವ ನವಜಾತ ಶಿಶುವಿಗೆ ಫಿಲ್ಟರ್ ಇರಲಿ ಬಿಡಲಿ ಕೊಡುವಂತಿಲ್ಲ.

ವೇಳೆಯ ಲೆಕ್ಕವೂ ಇದೆ. ಫಿಲ್ಟರಿನ ಹೊಟ್ಟೆಯಲ್ಲಿ 0.4 ಮಿ.ಲೀ. ಹಿಡಿಯುತ್ತದೆ, ಲೈನಿನ ವೇಗ ಗಂಟೆಗೆ 0.6 ಮಿ.ಲೀ. ಅಂದುಕೊಳ್ಳಿ. ಮೇಲೆ ಹಾಕಿದ ಔಷಧ ಫಿಲ್ಟರ್ ದಾಟಲಿಕ್ಕೇ 40 ನಿಮಿಷ ಬೇಕು.

ಹೊಸ ಸಿರಿಂಜ್ ಹಚ್ಚಿದ ಸ್ವಲ್ಪ ಹೊತ್ತಿಗೇ ಕೂಸು ಕೆಟ್ಟರೆ?

ಸಣ್ಣ ಕೂಸಿಗೆ ನಡುಕ ಬರಲೇಬೇಕೆಂದಿಲ್ಲ. ಮೈ ತಣ್ಣಗಾಗುವುದು ಅಥವಾ ಸುಡುವುದು, ಉಸಿರು ನಿಲ್ಲಿಸುವುದು, ಚರ್ಮ ಮಚ್ಚೆಮಚ್ಚೆಯಾಗುವುದು, ಕ್ಯಾಪಿಲರಿ ರಿಫಿಲ್ (ಚರ್ಮ ಒತ್ತಿ ಬಿಟ್ಟಾಗ ಬಣ್ಣ ಮರಳುವ ವೇಳೆ) 3 ಸೆಕೆಂಡ್ ಮೀರುವುದು, ಇವನ್ನು ನೋಡಿ. ಟಿಪಿಎನ್ ನಿಲ್ಲಿಸಿ, ಡಾಕ್ಟರನ್ನು ಕರೆಯಿರಿ, ಹೊಸ ಸೆಟ್ಟಿನಲ್ಲಿ ಡೆಕ್ಸ್ಟ್ರೋಸ್ ಶುರುಮಾಡಿ, ಲೈನಿನಿಂದಲೂ ಬೇರೆ ರಕ್ತನಾಳದಿಂದಲೂ ಕಲ್ಚರ್ ತೆಗೆಯಿರಿ.

ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಸಿರಿಂಜ್, ಲೈನ್, ಫಿಲ್ಟರನ್ನು ಕಸಕ್ಕೆ ಎಸೆಯುವುದು. ಹಾಗೆ ಮಾಡಬೇಡಿ. ಬಿಚ್ಚದೆ, ಎರಡೂ ತುದಿಗೆ ಸ್ಟೆರೈಲ್ ಕ್ಯಾಪ್ ಹಾಕಿ, ಸ್ವಚ್ಛ ಚೀಲದಲ್ಲಿಟ್ಟು, ಹೆಸರು-ವೇಳೆ ಬರೆದು ಫ್ರಿಜ್ಜಿನಲ್ಲಿಡಿ. ಅಂದು ಬಳಸಿದ ಎಲ್ಲ ಬಾಟಲಿಗಳ ಬ್ಯಾಚ್ ನಂಬರ್ ಬರೆದಿಡಿ, ಅದೇ ಬ್ಯಾಚ್ ಬೇರೆ ಯಾವ ಕೂಸಿಗೆ ಹೋಗುತ್ತಿದೆ ನೋಡಿ. ದ್ರಾವಣದ ಬಗ್ಗೆ ದೂರು ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ, ಉಚಿತ ಸಹಾಯವಾಣಿ 1800-180-3024. ಫಿಲ್ಟರ್, ಲೈನ್ ಬಗ್ಗೆ ಆದರೆ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ.

ಫಿಲ್ಟರ್ ಹಾಕಿದರೆ ಸೆಪ್ಸಿಸ್ (ಮೈಯೆಲ್ಲ ಹರಡುವ ತೀವ್ರ ಸೋಂಕು) ಕಡಿಮೆಯಾಗುತ್ತದೆ ಅಂತ ಸಾಬೀತಾಗಿದೆಯೆ?

ನವಜಾತ ಶಿಶುಗಳಲ್ಲಿ ಆಗಿಲ್ಲ. ಅವರ ಮೇಲಿನ ನಾಲ್ಕು ಪ್ರಯೋಗಗಳನ್ನು, ಒಟ್ಟು 704 ಶಿಶುಗಳನ್ನು, ಒಟ್ಟಿಗೆ ನೋಡಿದ ಕಾಕ್ರೇನ್ ವಿಮರ್ಶೆಯಲ್ಲಿ ಸಾವು, ಸೆಪ್ಸಿಸ್ ಎರಡರಲ್ಲೂ ಖಚಿತ ವ್ಯತ್ಯಾಸ ಕಾಣಲಿಲ್ಲ. ಜರ್ಮನಿಯ ಹ್ಯಾನೋವರ್‌ನಲ್ಲಿ ಐಸಿಯುದ 807 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೈಯೆಲ್ಲ ಉರಿಯೂತದ ಪ್ರತಿಕ್ರಿಯೆ ಫಿಲ್ಟರ್ ಹಾಕಿದವರಲ್ಲಿ ಕಡಿಮೆ ಇತ್ತು. ಅಲ್ಲಿ ಕಣ ತಡೆದದ್ದು ಮುಖ್ಯ ಅಂತ ಹೇಳುತ್ತಾರೆ. ಮಾರ್ಗಸೂಚಿಗಳೂ ಒಂದೇ ಮಾತು ಆಡುವುದಿಲ್ಲ. ಯೂರೋಪಿನ 2005ರ ಮಕ್ಕಳ ಮಾರ್ಗಸೂಚಿ ನೀರಿನ ದ್ರಾವಣಕ್ಕೆ 0.22, ಲಿಪಿಡ್‌ಗೆ 1.2ರಿಂದ 1.5 ಅಂದಿತು. ಅಮೆರಿಕದ ಪೋಷಣೆ ತಜ್ಞರ ಆಸ್ಪೆನ್ ಸಂಸ್ಥೆ 2021ರಲ್ಲಿ ಗೊಂದಲ ಬೇಡವೆಂದು ಎಲ್ಲಕ್ಕೂ 1.2 ಸಾಕು ಅಂದಿತು, ಅಂದರೆ ಎಂಡೋಟಾಕ್ಸಿನ್ ತಡೆಯುವ ಆಸೆಯನ್ನೇ ಬಿಟ್ಟಂತೆ. ವಾರ್ಡಿನ ಪಕ್ಕದ, ಸೋಸಿದ ಗಾಳಿ ಬೀಸುವ ಹುಡ್‌ನಲ್ಲೇ ಸಿಸ್ಟರ್‌ಗಳು ಟಿಪಿಎನ್ ಕಲೆಸುವ ಕಡೆ, ದೊಡ್ಡ ಕಾರ್ಖಾನೆಯ ಶುದ್ಧಕೋಣೆ ಇಲ್ಲದ ಕಡೆ, 0.2ರ ಆವೇಶದ ಫಿಲ್ಟರ್ ಇಟ್ಟುಕೊಳ್ಳುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ನಮ್ಮಲ್ಲಿ ಸಾದಾ 0.2 ಮಾತ್ರ ಇದೆ. ಏನು ಮಾಡುವುದು?

ಬಳಸಿ, 24 ಗಂಟೆಗೆ ತಪ್ಪದೆ ಬದಲಿಸಿ. ಅದೂ ಇಲ್ಲದಿದ್ದರೆ ಟಿಪಿಎನ್ ಬೇಕಾದ ಕೂಸಿಗೆ ಅದನ್ನು ತಪ್ಪಿಸಬೇಡಿ. ಆ್ಯಂಪೂಲಿನಿಂದ ಎಳೆಯುವಾಗ 5 ಮೈಕ್ರಾನ್ ಫಿಲ್ಟರ್ ಸೂಜಿ ಬಳಸಿ, ಒಡೆದ ಗಾಜಿನ ಚೂರಾದರೂ ನಿಲ್ಲುತ್ತದೆ. ಹುಡ್ ಚಾಲೂ ಮಾಡಿ 20-30 ನಿಮಿಷ ಬಿಟ್ಟು ಕಲೆಸಿ. ತೆರೆದ ಬಾಟಲಿ ನಾಳೆಗೆ ಇಡಬೇಡಿ.

ಬಳಸಿದ ಫಿಲ್ಟರ್ ತೊಳೆದು ಮತ್ತೆ ಹಾಕಬಹುದೆ?

ಇಲ್ಲ. ಹಿಡಿದ ವಿಷ ತೊಳೆದರೆ ಹೋಗುವುದಿಲ್ಲ, ಸ್ಪಿರಿಟ್ ತಾಗಿದರೆ ಗಾಳಿಕಿಂಡಿ ಕೆಡುತ್ತದೆ. ಲೈನ್ ಸಮೇತ ಕೆಂಪು ಚೀಲಕ್ಕೆ ಹಾಕಿ. ಸೂಜಿ ಇದ್ದರೆ ಮೊದಲು ಬೇರ್ಪಡಿಸಿ ಬಿಳಿ ಡಬ್ಬಿಗೆ.